ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಶ್ರಾವಕರ ಮನೆ: ವ್ರತ, ಆಹಾರ, ಪೂಜೆ ಮತ್ತು ಮರುತಪಾಸಣೆ



ನಮ್ಮ ಮನೆಯವರಿಗೆ 57ನೇ ವಯಸ್ಸಿನಲ್ಲಿ ಗುದನಾಳದ ಕ್ಯಾನ್ಸರ್ ಇದೆಯೆಂದು ತಿಳಿಯಿತು. ಮೊದಲು ವಿಕಿರಣ ಚಿಕಿತ್ಸೆ, ನಂತರ ಶಸ್ತ್ರಚಿಕಿತ್ಸೆ, ಅದಾದ ಮೇಲೆ ಕೀಮೋ ಆಯಿತು. ನಾನು ವೈದ್ಯನಲ್ಲ, ಪಂಡಿತನೂ ಅಲ್ಲ. ಪಿಯುಸಿವರೆಗೆ ಓದಿ, ಹುಬ್ಬಳ್ಳಿ ಕಡೆ ದಿನಸಿ ವ್ಯಾಪಾರ ಮಾಡಿಕೊಂಡು ಬಂದವನು. ಕಳೆದ ಕೆಲವು ವರ್ಷಗಳಿಂದ ನಮ್ಮ ಸಮಾಜದ ರೋಗಿಗಳ ಜೊತೆ ಆಸ್ಪತ್ರೆಗೆ ಓಡಾಡುವ ಸೇವೆ ಮಾಡುತ್ತಿದ್ದೇನೆ. ಶಸ್ತ್ರಚಿಕಿತ್ಸೆಯ ದಿನ ಎಲ್ಲರೂ ಬರುತ್ತಾರೆ. ಆಮೇಲಿನ ತಿಂಗಳುಗಳಲ್ಲಿ ಮನೆಯವರು ಒಂಟಿಯಾಗುತ್ತಾರೆ. ಆಗ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ: ರಾತ್ರಿ ನೀರು ಕುಡಿಯಬಹುದೇ? ಉಪವಾಸ ಮಾಡಬಹುದೇ? ಬಸದಿಗೆ ಹೋಗಬಹುದೇ? ಔಷಧದಲ್ಲಿ ಪ್ರಾಣಿಜನ್ಯ ವಸ್ತು ಇದ್ದರೆ ಏನು ಮಾಡಬೇಕು? ಗುಣವಾದ ಮೇಲೂ ತಪಾಸಣೆಗೆ ಏಕೆ ಹೋಗಬೇಕು?

ಈ ಪ್ರಶ್ನೆಗಳಿಗೆ ನಮ್ಮ ಮನೆಯ ಅನುಭವ, ಮುನಿಮಹಾರಾಜರು ಮತ್ತು ವೈದ್ಯರು ತಿಳಿಸಿಕೊಟ್ಟದ್ದು, ಓದಿ ತಿಳಿದದ್ದು ಇವನ್ನು ಒಂದು ಕಡೆ ಬರೆದಿಡುತ್ತಿದ್ದೇನೆ. ನಮ್ಮ ತಪ್ಪುಗಳನ್ನೂ ಬರೆದಿದ್ದೇನೆ. ಪ್ರತಿ ರೋಗಿಯ ಸ್ಥಿತಿ ಬೇರೆ. ಇಲ್ಲಿರುವುದನ್ನು ನಿಮ್ಮ ವೈದ್ಯರೊಂದಿಗೆ ಮಾತನಾಡಿಯೇ ಪಾಲಿಸಬೇಕು.

ಆಗಮದಲ್ಲಿ ರೋಗ ಮತ್ತು ಔಷಧ

ಮೊದಲು ಒಂದು ತಪ್ಪು ಅಭಿಪ್ರಾಯವನ್ನು ದೂರ ಮಾಡಬೇಕು. ರೋಗ ಬಂದದ್ದು ಅಸಾತಾ ವೇದನೀಯ ಕರ್ಮದ ಉದಯದಿಂದ, ಅದನ್ನು ಅನುಭವಿಸಿಯೇ ತೀರಿಸಬೇಕು, ಔಷಧ ಏಕೆ ಎಂದು ಕೆಲವರು ಕೇಳುತ್ತಾರೆ. ನಮ್ಮ ಕರ್ಮಸಿದ್ಧಾಂತ ಹಾಗೆ ಹೇಳುವುದಿಲ್ಲ. ಕರ್ಮದ ಹತ್ತು ಕರಣಗಳಲ್ಲಿ ಬಂಧ, ಉದಯಗಳ ಜೊತೆಗೆ ಅಪಕರ್ಷಣ, ಸಂಕ್ರಮಣ, ಉಪಶಮಗಳೂ ಇವೆ. ಅಂದರೆ ಕಟ್ಟಿದ ಕರ್ಮದ ಬಲ ಕುಗ್ಗಬಹುದು, ರೂಪ ಬದಲಾಗಬಹುದು, ತಡೆದು ನಿಲ್ಲಬಹುದು. ಬದಲಾಗದ ನಿಕಾಚಿತ ಕರ್ಮವೂ ಇದೆ ನಿಜ. ಆದರೆ ಯಾವುದು ನಿಕಾಚಿತ ಎಂದು ನಮ್ಮಂಥ ಛದ್ಮಸ್ಥರಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ಪುರುಷಾರ್ಥ ಮಾಡುವುದೇ ನಮ್ಮ ಕೆಲಸ. ಔಷಧ ಮತ್ತು ವೈದ್ಯರು ನಿಮಿತ್ತ.

ಶ್ರಾವಕರ ನಾಲ್ಕು ದಾನಗಳಲ್ಲಿ ಔಷಧ ದಾನವೂ ಒಂದು. ಔಷಧ ತೆಗೆದುಕೊಳ್ಳುವುದೇ ತಪ್ಪಾಗಿದ್ದರೆ ಕೊಡುವುದು ಪುಣ್ಯವಾಗುತ್ತಿರಲಿಲ್ಲ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕ ಎಂಬ ವೈದ್ಯಗ್ರಂಥವನ್ನು ಬರೆದರು. ಚಿಕಿತ್ಸೆಯಲ್ಲಿ ಮಾಂಸದ ಬಳಕೆಯನ್ನು ಅವರು ಖಂಡಿಸಿದರು. ಚಿಕಿತ್ಸೆಯನ್ನು ಬಿಡಿ ಎಂದು ಹೇಳಲಿಲ್ಲ. ಅಹಿಂಸೆಯೊಂದಿಗೆ ಹೇಗೆ ಚಿಕಿತ್ಸೆ ಮಾಡಬೇಕೆಂದು ತೋರಿಸಿದರು.

ಸಮಂತಭದ್ರಾಚಾರ್ಯರ ಕಥೆಯನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಅವರಿಗೆ ಭಸ್ಮಕ ವ್ಯಾಧಿ ಬಂತು. ಎಷ್ಟು ಆಹಾರ ತೆಗೆದುಕೊಂಡರೂ ಹಸಿವು ಅಡಗದ ರೋಗ ಅದು. ಮುನಿಯ ಆಹಾರ ನಿಯಮದಲ್ಲಿ ಅದಕ್ಕೆ ಪರಿಹಾರವಿರಲಿಲ್ಲ. ಅವರು ಗುರುಗಳಲ್ಲಿ ಸಲ್ಲೇಖನ ಬೇಡಿದರು. ಗುರುಗಳು ಒಪ್ಪಲಿಲ್ಲ. ನಿಮ್ಮಿಂದ ಧರ್ಮಕ್ಕೆ ಆಗಬೇಕಾದ ಕೆಲಸ ಬಹಳ ಇದೆ, ಮೊದಲು ರೋಗ ಗುಣಪಡಿಸಿಕೊಳ್ಳಿ, ಆಮೇಲೆ ಮತ್ತೆ ದೀಕ್ಷೆ ತೆಗೆದುಕೊಳ್ಳಿ ಎಂದರು. ಆಚಾರ್ಯರು ಮುನಿವೇಷವನ್ನು ತಾತ್ಕಾಲಿಕವಾಗಿ ಬಿಟ್ಟು, ಗುಣವಾದ ಮೇಲೆ ಪುನಃ ದೀಕ್ಷೆ ಪಡೆದರು ಎಂಬುದು ಪರಂಪರೆ. ಅದೇ ಆಚಾರ್ಯರು ಬರೆದ ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಹೇಳಿರುವ ಕಾರಣಗಳಲ್ಲಿ ರೋಗವೂ ಇದೆ. ಆದರೆ ಅದು ಪ್ರತೀಕಾರವಿಲ್ಲದ, ಎಂದರೆ ಪರಿಹಾರವೇ ಇಲ್ಲದ ರೋಗ. ಪರಿಹಾರ ಇರುವ ರೋಗಕ್ಕೆ ಆ ಮಾತು ಅನ್ವಯಿಸುವುದಿಲ್ಲ.

ಈ ಕಥೆ ನಮ್ಮ ಮನೆಗೆ ಎಷ್ಟು ಬೇಕಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲ ತಿಂಗಳು: ಹೊಟ್ಟೆಯ ಮೇಲಿನ ಚೀಲ

ಗುದನಾಳದ ಗಡ್ಡೆ ತೆಗೆದು ಕರುಳನ್ನು ಮತ್ತೆ ಜೋಡಿಸಿದಾಗ, ಆ ಹೊಲಿಗೆ ಮಾಯಲು ಸಮಯ ಬೇಕು. ಅಲ್ಲಿಯವರೆಗೆ ಮಲ ಅಲ್ಲಿ ಹಾದುಹೋಗದಂತೆ ಸಣ್ಣ ಕರುಳಿನ ಒಂದು ಭಾಗವನ್ನು ಹೊಟ್ಟೆಯ ಮೇಲೆ ತೆರೆದು ಅದಕ್ಕೆ ಚೀಲ ಅಂಟಿಸುತ್ತಾರೆ. ಇದಕ್ಕೆ ಇಲಿಯಾಸ್ಟಮಿ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಎಲ್ಲರೂ ಸ್ಟೋಮಾ ಬ್ಯಾಗ್ ಎಂದೇ ಕರೆಯುತ್ತಾರೆ. ಹೆಚ್ಚಿನವರಿಗೆ ಇದು ಕೆಲವು ತಿಂಗಳ ಮಾತು. ಗಡ್ಡೆ ಬಹಳ ಕೆಳಗಿದ್ದರೆ ಕೆಲವರಿಗೆ ದೊಡ್ಡ ಕರುಳಿನ ಶಾಶ್ವತ ಸ್ಟೋಮಾ ಬೇಕಾಗುತ್ತದೆ.

ಚೀಲ ಮೂರನೇ ಒಂದು ಭಾಗದಿಂದ ಅರ್ಧ ತುಂಬುವಷ್ಟರಲ್ಲಿ ಖಾಲಿ ಮಾಡಬೇಕು. ಪೂರ್ತಿ ತುಂಬಲು ಬಿಟ್ಟರೆ ಭಾರಕ್ಕೆ ಕಿತ್ತು ಬರುತ್ತದೆ. ಸಾಮಾನ್ಯವಾಗಿ 3–5 ದಿನಕ್ಕೊಮ್ಮೆ ಬದಲಿಸಬೇಕು. ಸುತ್ತಲಿನ ಚರ್ಮವನ್ನು ಬೆಚ್ಚಗಿನ ನೀರಿನಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಚೀಲದ ರಂಧ್ರವನ್ನು ಸರಿಯಾದ ಅಳತೆಗೆ ಕತ್ತರಿಸಬೇಕು. ಅಳತೆ ದೊಡ್ಡದಾದರೆ ಚರ್ಮ ಸುಟ್ಟಂತೆ ಕೆಂಪಾಗುತ್ತದೆ. ಆಸ್ಪತ್ರೆಯಿಂದ ಬಿಡುಗಡೆಯಾಗುವ ಮೊದಲೇ ಮನೆಯ ಇಬ್ಬರಾದರೂ ಇದನ್ನು ನರ್ಸ್ ಎದುರಿಗೇ ಮಾಡಿ ಕಲಿಯಬೇಕು.

ನಮ್ಮ ಮನೆಯಲ್ಲಿ ಕಲಿತವರು ನಮ್ಮ ಸೊಸೆ. ನಾನು ಮೊದಲ ವಾರ ಆ ಕೋಣೆಗೆ ಹೋಗಲು ಹಿಂಜರಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸಾ ಎಂಬುದು ಒಂದು. ದೇಹದ ಅಶುಚಿಯನ್ನು ಕಂಡು ಅಸಹ್ಯಪಡದಿರುವುದು ಅದರ ಅರ್ಥ. ರೋಗಿಯಾದ ಮುನಿಯು ವಾಂತಿ ಮಾಡಿಕೊಂಡಾಗ ಬೇಸರಿಸದೆ ಸೇವೆ ಮಾಡಿದ ಉದ್ದಾಯನ ರಾಜನ ಕಥೆಯನ್ನು ಪಾಠಶಾಲೆಯ ಮಕ್ಕಳಿಗೆ ನಾನೇ ಎಷ್ಟೋ ಸಲ ಹೇಳಿದ್ದೆ. ಪರೀಕ್ಷೆ ನನ್ನ ಮನೆಗೇ ಬಂದಾಗ ಸೊಸೆ ಪಾಸಾದಳು, ನಾನು ಆಗಲಿಲ್ಲ. ಎರಡನೇ ವಾರ ಅವಳೇ "ಮಾವ, ನೀವೂ ಕಲೀರಿ, ನಾನು ತವರಿಗೆ ಹೋದ್ರ ಅತ್ತಿಯವರಿಗೆ ಯಾರು ಮಾಡ್ತಾರ?" ಎಂದಳು. ಆಗ ಕಲಿತೆ. ಈಗ ಬೇರೆಯವರ ಮನೆಗೆ ಹೋಗಿ ಕಲಿಸುತ್ತೇನೆ.

ರಾತ್ರಿ ನೀರು: ನಮ್ಮ ಮೊದಲ ತಪ್ಪು

ನಮ್ಮ ಮನೆಯವರಿಗೆ ಮದುವೆಯಾದಾಗಿನಿಂದ ಸೂರ್ಯಾಸ್ತದ ನಂತರ ಖಾದ್ಯ, ಸ್ವಾದ್ಯ, ಲೇಹ್ಯ, ಪೇಯ ನಾಲ್ಕೂ ವರ್ಜ್ಯ. ಆಸ್ಪತ್ರೆಯಿಂದ ಮನೆಗೆ ಬಂದ ದಿನದಿಂದಲೇ ಮತ್ತೆ ಆ ನಿಯಮ ಶುರುವಾಯಿತು. ನಮಗೆಲ್ಲ ಅದು ಧೈರ್ಯದ ಲಕ್ಷಣವಾಗಿ ಕಂಡಿತು.

ನಮಗೆ ಗೊತ್ತಿಲ್ಲದ್ದು ಏನೆಂದರೆ, ನೀರಿನ ಅಂಶವನ್ನು ಹೀರಿಕೊಳ್ಳುವ ದೊಡ್ಡ ಕರುಳು ಇಲಿಯಾಸ್ಟಮಿ ಇದ್ದವರಲ್ಲಿ ಕೆಲಸಕ್ಕೆ ಸಿಗುವುದಿಲ್ಲ. ನೀರು ಮತ್ತು ಉಪ್ಪು ಎರಡೂ ಚೀಲಕ್ಕೆ ಹೋಗುತ್ತವೆ. ಹನ್ನೆರಡು ಗಂಟೆ ನೀರಿಲ್ಲದೆ ಇದ್ದರೆ ದೇಹ ಒಣಗುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಮನೆಗೆ ಬಂದ ಹನ್ನೊಂದನೇ ದಿನ ಬೆಳಿಗ್ಗೆ ಅವರು ದೇವರ ಕೋಣೆಯ ಬಾಗಿಲಲ್ಲೇ ಕುಸಿದರು. ಮತ್ತೆ ಆಸ್ಪತ್ರೆ, ನಾಲ್ಕು ದಿನ ಸಲೈನ್. ಈ ಶಸ್ತ್ರಚಿಕಿತ್ಸೆಯ ನಂತರ ರೋಗಿಗಳು ಮತ್ತೆ ದಾಖಲಾಗಲು ಇದೇ ಒಂದು ದೊಡ್ಡ ಕಾರಣ ಎಂದು ಆಗ ತಿಳಿಯಿತು.

ವೈದ್ಯರು ರಾತ್ರಿಯೂ ನೀರು ಕುಡಿಯಲೇಬೇಕು ಎಂದರು. ಇವರು ಒಪ್ಪಲಿಲ್ಲ. "ನಲವತ್ತು ವರ್ಷದ ನಿಯಮ, ಈಗ ಸಾಯೂ ಹೊತ್ತಿಗೆ ಮುರೀಲೇನು?" ಎಂದು ಅತ್ತರು. ನಮ್ಮ ಊರಿನ ಹತ್ತಿರ ಆಗ ವಿಹಾರದಲ್ಲಿದ್ದ ಮುನಿಮಹಾರಾಜರ ಬಳಿ ಮಗನನ್ನು ಕಳುಹಿಸಿದೆವು. ಸಮಂತಭದ್ರಾಚಾರ್ಯರ ಕಥೆಯನ್ನು ನೆನಪಿಸಿದವರು ಅವರೇ. ಗುರುಸಾಕ್ಷಿಯಾಗಿ, ಚಿಕಿತ್ಸೆ ಮುಗಿಯುವವರೆಗೆ ಎಂದು ಅವಧಿ ಇಟ್ಟುಕೊಂಡು, ರಾತ್ರಿ ನೀರು ಮತ್ತು ಔಷಧಕ್ಕೆ ವಿನಾಯಿತಿ ಪಡೆಯಬೇಕು. ಮುಗಿದ ಮೇಲೆ ಪ್ರಾಯಶ್ಚಿತ್ತ ತೆಗೆದುಕೊಂಡು ಪುನಃ ನಿಯಮ ಹಿಡಿಯಬೇಕು. ಇದನ್ನು ನಿಯಮಭಂಗ ಎಂದು ತಿಳಿಯಬಾರದು ಎಂದು ಹೇಳಿಕಳುಹಿಸಿದರು. ಆ ರಾತ್ರಿ ನಮ್ಮ ಮನೆಯವರು ಒಂಬತ್ತು ಸಲ ಣಮೋಕಾರ ಹೇಳಿ ಅರ್ಧ ಲೋಟ ನೀರು ಕುಡಿದರು.

ತಿಳಿದಿರಬೇಕಾದ ಅಂಶಗಳು:
- ಇಲಿಯಾಸ್ಟಮಿ ಇದ್ದವರು ಬರೀ ನೀರನ್ನೇ ಹೆಚ್ಚು ಕುಡಿದರೆ ಸಾಲದು, ಉಪ್ಪಿನಂಶವೂ ಬೇಕು. ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ಕಾಯಿಸಿ ಆರಿಸಿದ ನೀರಿನಲ್ಲಿ ಕರಗಿಸಬೇಕು. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು.
- ದಿನಕ್ಕೆ ಚೀಲದಿಂದ ಎಷ್ಟು ಹೋಯಿತೆಂದು ಅಳತೆಯ ಜಗ್ಗಿನಲ್ಲಿ ನೋಡಿ ಬರೆದಿಡಿ. 1.5 ಲೀಟರ್ ದಾಟಿದರೆ, ಮೂತ್ರ ಕಡಿಮೆಯಾಗಿ ಕಡುಬಣ್ಣಕ್ಕೆ ತಿರುಗಿದರೆ, ಎದ್ದಾಗ ತಲೆ ತಿರುಗಿದರೆ ಅದೇ ದಿನ ವೈದ್ಯರಿಗೆ ಫೋನ್ ಮಾಡಿ.
- ಚೀಲಕ್ಕೆ ಏನೂ ಬಾರದೆ ಹೊಟ್ಟೆ ಉಬ್ಬಿ ವಾಂತಿಯಾದರೆ ಕರುಳು ಕಟ್ಟಿರಬಹುದು. ಬೆಳಗಾಗಲಿ ಎಂದು ಕಾಯಬೇಡಿ.
- ಮೊದಲ ವಾರಗಳಲ್ಲಿ ಹಸಿ ಕೊಬ್ಬರಿ, ಜೋಳದ ತೆನೆ, ಸಿಪ್ಪೆಯ ಹಣ್ಣು, ನಾರಿನ ತರಕಾರಿ ಬೇಡ. ಯಾವುದನ್ನಾದರೂ ಚೆನ್ನಾಗಿ ಅಗಿದು ತಿನ್ನಬೇಕು.
- ಅಷ್ಟಮಿ, ಚತುರ್ದಶಿಯ ಉಪವಾಸವನ್ನು ಈ ಅವಧಿಯಲ್ಲಿ ಬಿಡಬೇಕು. ರಸಪರಿತ್ಯಾಗ, ಮೌನ, ಸ್ವಾಧ್ಯಾಯ ಇವೂ ತಪಸ್ಸೇ. ನಮ್ಮ ಮನೆಯವರು ದಶಲಕ್ಷಣ ಪರ್ವದಲ್ಲಿ ಸಿಹಿ ಬಿಟ್ಟು, ದಿನಕ್ಕೊಂದು ಗಂಟೆ ಮೌನ ಹಿಡಿದರು.

ಕೀಮೋ ದಿನಗಳ ಆಹಾರ ಮತ್ತು ಔಷಧ

ಕೀಮೋದಲ್ಲಿ ನಮ್ಮವರಿಗೆ ಮೂರು ವಾರಕ್ಕೊಮ್ಮೆ ಒಂದು ಇಂಜೆಕ್ಷನ್, ಜೊತೆಗೆ ಮನೆಯಲ್ಲಿ ಕೇಪ್‌ಸಿಟಾಬಿನ್ ಮಾತ್ರೆ ಇತ್ತು. ಈ ಮಾತ್ರೆಯನ್ನು 14 ದಿನ ತೆಗೆದುಕೊಂಡು 7 ದಿನ ಬಿಡುವು ಕೊಡುತ್ತಾರೆ. ದಿನಕ್ಕೆ ಎರಡು ಸಲ, ಸುಮಾರು 12 ಗಂಟೆ ಅಂತರದಲ್ಲಿ, ಊಟವಾದ ಅರ್ಧ ಗಂಟೆಯೊಳಗೆ ತೆಗೆದುಕೊಳ್ಳಬೇಕು. ಸೊಸೆ ವೈದ್ಯರನ್ನು ನೇರವಾಗಿ ಕೇಳಿದಳು: ನಮ್ಮಲ್ಲಿ ಸೂರ್ಯಾಸ್ತಕ್ಕೆ ಮೊದಲು ಊಟ, ಏನು ಮಾಡೋಣ? ಬೆಳಿಗ್ಗೆ 7ಕ್ಕೆ, ಸಂಜೆ 6ಕ್ಕೆ ಸ್ವಲ್ಪ ಮೊದಲು ತೆಗೆದುಕೊಂಡರೆ ನಡೆಯುತ್ತದೆ ಎಂದರು. ಹೀಗೆ ರಾತ್ರಿ ಭೋಜನ ತ್ಯಾಗ ಉಳಿಯಿತು, ಚಿಕಿತ್ಸೆಯೂ ನಡೆಯಿತು. ಯಾವ ನಿಯಮ ಸಡಿಲಿಸಬೇಕು, ಯಾವುದು ಬೇಕಾಗಿಲ್ಲ ಎಂಬುದು ಕೇಳಿದರೆ ಮಾತ್ರ ಗೊತ್ತಾಗುತ್ತದೆ. ಕೇಳದೆ ಮಾತ್ರೆ ಬಿಟ್ಟವರನ್ನೂ ನೋಡಿದ್ದೇನೆ, ಕೇಳದೆ ಎಲ್ಲ ನಿಯಮ ಬಿಟ್ಟು ಆಮೇಲೆ ಕೊರಗಿದವರನ್ನೂ ನೋಡಿದ್ದೇನೆ.

ಕೀಮೋ ಕಾಲದಲ್ಲಿ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಸೋಸಿ ಕಾಯಿಸಿದ ನೀರು, ಆಗಲೇ ಬೇಯಿಸಿದ ಬಿಸಿ ಊಟ, ಹಳಸಿದ್ದು ತಿನ್ನದಿರುವುದು ಇವೆಲ್ಲ ನಮ್ಮ ಮನೆಗಳ ಹಳೆಯ ಪದ್ಧತಿ, ಇಲ್ಲಿ ಬಹಳ ಉಪಯೋಗಕ್ಕೆ ಬಂದವು. ಕಂದಮೂಲ ಬಿಟ್ಟಿದ್ದರಿಂದ ಕೊರತೆಯೇನೂ ಆಗಲಿಲ್ಲ. ಆಲೂಗಡ್ಡೆಯ ಬದಲು ಬಾಳೆಕಾಯಿ ಇತ್ತು. ಆದರೆ ಗಾಯ ಮಾಯಲು, ಶಕ್ತಿ ಬರಲು ಪ್ರೋಟೀನ್ ಹೆಚ್ಚು ಬೇಕು. ಗಂಜಿ ಮತ್ತು ತಿಳಿಸಾರಿನಲ್ಲಿ ಅದು ಸಿಗುವುದಿಲ್ಲ. ಹೆಸರುಬೇಳೆ, ತೊಗರಿಬೇಳೆ, ಹಾಲು, ಮೊಸರು, ಪನೀರ್, ಸೋಯಾ ಇವನ್ನು ಸ್ವಲ್ಪಸ್ವಲ್ಪವಾಗಿ ದಿನಕ್ಕೆ ಐದಾರು ಸಲ ಕೊಡಬೇಕು.

ಪ್ರಾಣಿಜನ್ಯ ಔಷಧದ ಪ್ರಶ್ನೆ ನಿಜವಾದದ್ದೇ. ಅನೇಕ ಕ್ಯಾಪ್ಸೂಲ್‌ಗಳ ಹೊರಪದರ ಜಿಲೆಟಿನ್‌ನಿಂದ ಆದದ್ದು. ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಜಾತಿಯ ಇಂಜೆಕ್ಷನ್ ಹಂದಿಯ ಕರುಳಿನಿಂದ ತಯಾರಾಗುತ್ತದೆ. ದಾಖಲಾಗುವಾಗಲೇ ನಮ್ಮ ಆಚಾರವನ್ನು ವೈದ್ಯರಿಗೆ ತಿಳಿಸಬೇಕು. ಕ್ಯಾಪ್ಸೂಲ್ ಬದಲು ಮಾತ್ರೆ ಅಥವಾ ಸಸ್ಯಜನ್ಯ ಕ್ಯಾಪ್ಸೂಲ್, ಕೆಲವರಿಗೆ ಕೃತಕವಾಗಿ ತಯಾರಿಸಿದ ಬೇರೆ ಇಂಜೆಕ್ಷನ್ ಹೊಂದಬಹುದು. ಹೊಂದುತ್ತದೆಯೇ ಎಂದು ಅವರೇ ನಿರ್ಧರಿಸಬೇಕು. ಬೇರೆ ದಾರಿ ಇಲ್ಲದಿದ್ದಾಗ ಗುರುಗಳನ್ನು ಕೇಳಿ ನಡೆಯಿರಿ. ಯಾರಿಗೂ ಹೇಳದೆ ಮನೆಯಲ್ಲಿ ಇಂಜೆಕ್ಷನ್ ನಿಲ್ಲಿಸುವುದು ಎಲ್ಲಕ್ಕಿಂತ ಅಪಾಯ.

ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ತುರ್ತು ಸ್ಥಿತಿ. ಮನೆಯಲ್ಲಿ ಮಾತ್ರೆ ನುಂಗಿ ಮಲಗಿಸದೆ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಪೂಜೆ ಮತ್ತು ಬಸದಿ

ನಮ್ಮವರಿಗೆ ಕೊಡುತ್ತಿದ್ದ ಆಕ್ಸಾಲಿಪ್ಲಾಟಿನ್ ಇಂಜೆಕ್ಷನ್‌ನಿಂದ ತಣ್ಣಗಿನದು ಮುಟ್ಟಿದರೆ ಕೈಗೆ ಸೂಜಿ ಚುಚ್ಚಿದಂತಾಗುತ್ತದೆ. ಬೆಳಗಿನ ಹೊತ್ತು ಹಿತ್ತಾಳೆಯ ಕಲಶ ಹಿಡಿಯಲು ಆಗಲಿಲ್ಲ. ಕೇಪ್‌ಸಿಟಾಬಿನ್‌ನಿಂದ ಅಂಗೈ, ಅಂಗಾಲು ಕೆಂಪಾಗಿ ಸುಲಿಯಿತು. ಬಸದಿಯ ಕಲ್ಲಿನ ಅಂಗಳದಲ್ಲಿ ಬರಿಗಾಲಲ್ಲಿ ನಡೆಯುವುದು ಕಷ್ಟವಾಯಿತು. ಇವು ಔಷಧದ ಪರಿಣಾಮ ಎಂದು ತಿಳಿಯದೆ, ದೇವರ ಸೇವೆಗೂ ಅಯೋಗ್ಯಳಾದೆ ಎಂದು ಅವರು ಒಂದು ವಾರ ಕೊರಗಿದರು. ವೈದ್ಯರಿಗೆ ಹೇಳಿದ ಮೇಲೆ ಮಾತ್ರೆಯ ಪ್ರಮಾಣ ಕಡಿಮೆ ಮಾಡಿದರು. ಅಂಗಾಲಿಗೆ ಮುಲಾಮು, ಬಟ್ಟೆಯ ಹೊಸ ಕಾಲುಚೀಲ ಹಾಕಿಕೊಂಡು ನಡೆದರು.

ಚೀಲ ಇರುವಾಗ ಬಸದಿಗೆ ಹೋಗಬಹುದೇ ಎಂಬುದಕ್ಕೆ ಊರೂರಿಗೆ ಪದ್ಧತಿ ಬೇರೆ ಇರಬಹುದು. ನಿಮ್ಮ ಗುರುಗಳನ್ನು, ಬಸದಿಯ ಉಪಾಧ್ಯೆಯವರನ್ನು ಕೇಳಿ. ನಮಗೆ ಸಿಕ್ಕ ಮಾರ್ಗದರ್ಶನ ಹೀಗಿತ್ತು: ಅಭಿಷೇಕಕ್ಕೆ, ಮೂರ್ತಿಯನ್ನು ಮುಟ್ಟುವ ಪೂಜೆಗೆ ಆ ಅವಧಿಯಲ್ಲಿ ನಿಲ್ಲುವುದು ಬೇಡ. ಚೀಲ ಖಾಲಿ ಮಾಡಿ, ಸ್ನಾನ ಮಾಡಿ, ಶುದ್ಧ ಬಟ್ಟೆಯಲ್ಲಿ ನವರಂಗದಲ್ಲಿ ಕುಳಿತು ದರ್ಶನ ಮಾಡಬಹುದು. ಅಷ್ಟದ್ರವ್ಯವನ್ನು ಮನೆಯ ಬೇರೆಯವರು ಅರ್ಪಿಸಿದರೆ ಸಾಕು. ಭಾವಪೂಜೆಗೆ ಯಾವ ಅಡ್ಡಿಯೂ ಇಲ್ಲ. ಶಾಶ್ವತ ಸ್ಟೋಮಾ ಇರುವ ಒಬ್ಬ ಹಿರಿಯರು ಎರಡು ವರ್ಷ ಬಸದಿಯ ಮೆಟ್ಟಿಲು ಹತ್ತಿರಲಿಲ್ಲ. ಯಾರೂ ಅವರಿಗೆ ಬೇಡ ಎಂದಿರಲಿಲ್ಲ, ಅವರು ಯಾರನ್ನೂ ಕೇಳಿರಲಿಲ್ಲ, ಅಷ್ಟೆ.

ಗಂಧೋದಕವನ್ನು ಹಣೆಗೆ, ತಲೆಗೆ ಹಚ್ಚಿದರೆ ಸಾಕು. ಗಾಯದ ಮೇಲೆ, ಹೊಲಿಗೆಯ ಮೇಲೆ, ಸ್ಟೋಮಾ ಸುತ್ತ ಹಚ್ಚಬಾರದು. ಭಕ್ತಿಯಿಂದಲೇ ಹಾಗೆ ಮಾಡಿ ಸೋಂಕು ತಂದುಕೊಂಡವರಿದ್ದಾರೆ.

ಮರುತಪಾಸಣೆ: ನಮ್ಮ ಎರಡನೇ ತಪ್ಪು

ಕೀಮೋ ಮುಗಿಯಿತು, ಚೀಲ ತೆಗೆದು ಕರುಳು ಮುಚ್ಚಿದರು. ನಮ್ಮ ಮನೆಯವರು ಪ್ರಾಯಶ್ಚಿತ್ತ ತೆಗೆದುಕೊಂಡು ರಾತ್ರಿ ನೀರಿನ ನಿಯಮ ಮತ್ತೆ ಹಿಡಿದರು. ಒಂದು ವರ್ಷ ತಪಾಸಣೆಗಳೆಲ್ಲ ಚೆನ್ನಾಗಿ ಬಂದವು. ಗುಣವಾದರೆ ಸಮ್ಮೇದ ಶಿಖರ್ಜಿಗೆ ಬರುತ್ತೇವೆ ಎಂದು ಹರಕೆ ಹೊತ್ತಿದ್ದೆವು. ಎರಡನೇ ವರ್ಷದ ಕಾರ್ತಿಕದಲ್ಲಿ ಜಾರ್ಖಂಡಿಗೆ ಹೊರಟೆವು. ಇಪ್ಪತ್ತು ತೀರ್ಥಂಕರರು ಮುಕ್ತರಾದ ಆ ಬೆಟ್ಟವನ್ನು ಡೋಲಿಯಲ್ಲಿ ಕುಳಿತು ಹತ್ತಿದರು, ಕೊನೆಯ ಟೋಂಕುಗಳಿಗೆ ನಡೆದೇ ಹೋದರು.

ಅದೇ ತಿಂಗಳು ರಕ್ತಪರೀಕ್ಷೆ ಮತ್ತು ಸ್ಕ್ಯಾನ್ ಇತ್ತು. ಹೊರಡುವ ಮುಂಚೆ ಅವರೇ ನೆನಪಿಸಿದ್ದರು. "ಯಾತ್ರೆ ಮುಗಿಸಿ ಹೋಗೂಣು" ಎಂದವನು ನಾನು. ಬಂದ ಮೇಲೆ ಅಂಗಡಿಯ ಲೆಕ್ಕ, ನಂತರ ಸಂಬಂಧಿಕರ ಮದುವೆ. ಇಷ್ಟು ದೊಡ್ಡ ಯಾತ್ರೆ ಮಾಡಿಬಂದವರಿಗೆ ಇನ್ನೇನು ತಪಾಸಣೆ ಎಂಬ ಭಾವನೆಯೂ ಒಳಗೊಳಗೆ ಇತ್ತು. ವ್ಯಾಪಾರದಲ್ಲಿ ಯಾರಿಗೂ ಒಂದು ದಿನ ತಡವಾಗಿ ಹಣ ಕೊಟ್ಟವನಲ್ಲ ನಾನು. ಈ ದಿನಾಂಕವನ್ನು ಐದು ತಿಂಗಳು ತಡಮಾಡಿದೆ.

ಚೈತ್ರದಲ್ಲಿ ಹೋದಾಗ ಸಿಇಎ ಏರಿತ್ತು. ಸ್ಕ್ಯಾನ್‌ನಲ್ಲಿ ಲಿವರ್ ಮೇಲೆ ಒಂದು ಚುಕ್ಕೆ ಕಂಡಿತು. ಈ ಕ್ಯಾನ್ಸರ್ ಲಿವರ್‌ಗೆ ಹರಡಿದರೂ, ಚುಕ್ಕೆ ಒಂದೆರಡೇ ಇದ್ದು ತೆಗೆಯುವಂತಿದ್ದರೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಸಾಧ್ಯತೆ ಇರುತ್ತದೆ. ನಮ್ಮವರದು ಹಾಗಿತ್ತು. ಎರಡನೇ ಶಸ್ತ್ರಚಿಕಿತ್ಸೆಯಾಯಿತು, ಮತ್ತೆ ಕೀಮೋ ಆಯಿತು. ಮೊದಲೇ ಬಂದಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಿದೆ. ಇನ್ನೂ ಚಿಕ್ಕದಿರುವಾಗ ಸಿಗುತ್ತಿತ್ತೇನೋ, ಖಚಿತವಾಗಿ ಹೇಳಲು ಆಗುವುದಿಲ್ಲ ಎಂದರು ವೈದ್ಯರು. ನಮ್ಮ ಮನೆಯವರು ಒಂದು ದಿನವೂ ನನ್ನನ್ನು ಆಡಲಿಲ್ಲ. ನಾನು ಪ್ರತಿ ಪ್ರತಿಕ್ರಮಣದಲ್ಲಿ ಅದನ್ನು ನೆನೆಯುತ್ತೇನೆ.

ಯಾತ್ರೆ ತಪ್ಪಲ್ಲ. ಯಾತ್ರೆಯನ್ನು ತಪಾಸಣೆಯ ಬದಲಿಗೆ ಎಣಿಸಿದ್ದು ತಪ್ಪು. ತಪಾಸಣೆಯ ದಿನ ಪಾಲಿಸುವುದೂ ಒಂದು ನಿಯಮ ಎಂದು ನಾನು ಕಲಿತದ್ದು ಹೀಗೆ.

ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಮರಳಿ ಬರುವುದಾದರೆ ಬಹುಪಾಲು ಮೊದಲ 2–3 ವರ್ಷಗಳಲ್ಲೇ ಬರುತ್ತದೆ. ಆಗ ರೋಗಿಗೆ ಯಾವ ನೋವೂ ಇರದಿರಬಹುದು. ಸಾಮಾನ್ಯವಾಗಿ ಅನುಸರಿಸುವ ಕ್ರಮ ಹೀಗಿದೆ. ನಿಮ್ಮ ವೈದ್ಯರು ಹೇಳಿದ್ದೇ ಅಂತಿಮ.
- ವೈದ್ಯರ ಪರೀಕ್ಷೆ ಮತ್ತು ಸಿಇಎ ರಕ್ತಪರೀಕ್ಷೆ: ಮೊದಲ 2 ವರ್ಷ 3–6 ತಿಂಗಳಿಗೊಮ್ಮೆ, ನಂತರ 5 ವರ್ಷದವರೆಗೆ 6 ತಿಂಗಳಿಗೊಮ್ಮೆ.
- ಎದೆ ಮತ್ತು ಹೊಟ್ಟೆಯ ಸಿಟಿ ಸ್ಕ್ಯಾನ್: 6–12 ತಿಂಗಳಿಗೊಮ್ಮೆ, 5 ವರ್ಷ.
- ಕೊಲೊನೋಸ್ಕೋಪಿ: ಶಸ್ತ್ರಚಿಕಿತ್ಸೆಯಾಗಿ 1 ವರ್ಷಕ್ಕೆ, ಎಲ್ಲ ಸರಿಯಿದ್ದರೆ ಅಲ್ಲಿಂದ 3 ವರ್ಷಕ್ಕೆ, ನಂತರ 5 ವರ್ಷಕ್ಕೊಮ್ಮೆ.
- ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಬಿಡದ ಹೊಟ್ಟೆನೋವು ಇದ್ದರೆ ಮುಂದಿನ ದಿನಾಂಕಕ್ಕೆ ಕಾಯದೆ ಹೋಗಬೇಕು.
- ರೋಗಿಯ ಮಕ್ಕಳು, ಒಡಹುಟ್ಟಿದವರು 40 ವರ್ಷಕ್ಕೆ, ಅಥವಾ ರೋಗಿಗೆ ಗೊತ್ತಾದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ ಮಾಡಿಸಿಕೊಳ್ಳುವುದು ಒಳ್ಳೆಯದು.

ಚೀಲ ತೆಗೆದ ಮೇಲೂ ದಿನಕ್ಕೆ ಹಲವು ಸಲ ಶೌಚಕ್ಕೆ ಹೋಗುವಂತಾಗುವುದು, ತಡೆದುಕೊಳ್ಳಲು ಆಗದಿರುವುದು ಸಾಮಾನ್ಯ. ಒಂದೆರಡು ವರ್ಷದಲ್ಲಿ ಬಹಳಷ್ಟು ಸುಧಾರಿಸುತ್ತದೆ. ಪ್ರವಚನದಲ್ಲಿ ಅಂಥವರಿಗೆ ಬಾಗಿಲ ಬಳಿ ಜಾಗ ಬಿಡಿ, ಎದ್ದುಹೋದರೆ ತಿರುಗಿ ನೋಡಬೇಡಿ.

ಮನಸ್ಸಿಗೆ ಸಮಾಧಾನ

ಸ್ಕ್ಯಾನ್‌ನ ಹಿಂದಿನ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ತತ್ತ್ವಾರ್ಥಸೂತ್ರದಲ್ಲಿ ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ವೇದನೆಯ ಚಿಂತೆಯೂ ಒಂದು. ಆ ಚಿಂತೆಯಿಂದ ಹೊಸ ಕರ್ಮ ಕಟ್ಟುತ್ತದೆ, ರೋಗ ಕಡಿಮೆಯಾಗುವುದಿಲ್ಲ. ನಮ್ಮ ಮನೆಯವರು ಆ ರಾತ್ರಿ 48 ನಿಮಿಷದ ಒಂದು ಸಾಮಾಯಿಕ ಹೆಚ್ಚು ಮಾಡುತ್ತಾರೆ. ಆಸ್ಪತ್ರೆಯ ಬೆಂಚಿನಲ್ಲಿ ಕಾಯುವಾಗ 27 ಉಸಿರಿನಲ್ಲಿ 9 ಣಮೋಕಾರದ ಕಾಯೋತ್ಸರ್ಗ. ಮಂತ್ರದಿಂದ ಗಡ್ಡೆ ಕರಗುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ. ಸ್ಕ್ಯಾನ್ ಯಂತ್ರದೊಳಗೆ ಮಲಗಿದಾಗ ಕೈ ನಡುಗಲಿಲ್ಲ ಎಂಬುದನ್ನು ಮಾತ್ರ ಹೇಳಬಲ್ಲೆ.

ನೋಡಲು ಬರುವ ಬಂಧುಗಳಿಗೆ ಒಂದು ಪ್ರಾರ್ಥನೆ. ಯಾವ ಜನ್ಮದ ಕರ್ಮವೋ ಎಂಬ ಮಾತನ್ನು ರೋಗಿಯ ಮುಂದೆ ಆಡಬೇಡಿ. ಕರ್ಮಸಿದ್ಧಾಂತ ಇರುವುದು ನಮ್ಮನ್ನು ನಾವು ತಿದ್ದಿಕೊಳ್ಳಲು, ಇನ್ನೊಬ್ಬರ ಹಾಸಿಗೆಯ ಪಕ್ಕ ಕುಳಿತು ತೀರ್ಪು ಹೇಳಲು ಅಲ್ಲ. ಅಲ್ಲದೆ, ಇನ್ನೊಬ್ಬರಿಗೆ ದುಃಖ, ಶೋಕ ಉಂಟುಮಾಡುವುದು ನಮಗೇ ಅಸಾತಾ ವೇದನೀಯದ ಆಸ್ರವಕ್ಕೆ ಕಾರಣ ಎಂದು ಅದೇ ತತ್ತ್ವಾರ್ಥಸೂತ್ರ ಹೇಳುತ್ತದೆ.

ಖರ್ಚು, ಕಾಗದಪತ್ರ, ಸೇವೆ

- ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿವರೆಗೆ. ದಾಖಲಾಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಾಣಿ.
- ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಸರ್ಕಾರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ. ಉತ್ತರ ಕರ್ನಾಟಕದವರಿಗೆ ಹುಬ್ಬಳ್ಳಿ ನವನಗರದಲ್ಲೂ ಕ್ಯಾನ್ಸರ್ ಆಸ್ಪತ್ರೆ ಇದೆ.
- ಚಿಕಿತ್ಸೆಗೂ ಮರುತಪಾಸಣೆಗೂ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ, ಜೊತೆಗಿರುವ ಒಬ್ಬರಿಗೆ ಟಿಕೆಟ್ ರಿಯಾಯಿತಿ ಇದೆ. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಪಡೆಯಬೇಕು.
- ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಬಯಾಪ್ಸಿ ವರದಿ, ಕೀಮೋ ವಿವರ, ಎಲ್ಲ ಸಿಇಎ ಅಂಕಿಗಳನ್ನು ದಿನಾಂಕದ ಪ್ರಕಾರ ಒಂದೇ ಫೈಲಿನಲ್ಲಿಡಿ. ಮೂಲ ಬಯಾಪ್ಸಿ ವರದಿಯನ್ನು ಯಾರಿಗೂ ಕೊಟ್ಟುಬಿಡಬೇಡಿ, ನಕಲು ಕೊಡಿ.

ಬಸದಿಯ ಸಮಿತಿಗಳು, ಯುವಕ ಮಂಡಲಗಳು ಒಂದು ಕೆಲಸ ಮಾಡಬಹುದು. ಊರಿನಲ್ಲಿ ಚಿಕಿತ್ಸೆ ಮುಗಿಸಿದವರ ಮುಂದಿನ ತಪಾಸಣೆಯ ದಿನಾಂಕಗಳನ್ನು, ಅವರ ಒಪ್ಪಿಗೆ ಪಡೆದು, ಒಬ್ಬರು ಬರೆದಿಟ್ಟುಕೊಂಡು ವಾರದ ಮೊದಲು ಫೋನ್ ಮಾಡಿ ನೆನಪಿಸಬೇಕು. ಒಂಟಿ ಇರುವವರ ಜೊತೆ ಒಬ್ಬರು ಹೋಗಬೇಕು. ವೈಯಾವೃತ್ಯವನ್ನು ಅಂತರಂಗ ತಪಸ್ಸಿನಲ್ಲಿ ಎಣಿಸಿದ್ದಾರೆ. ಇದಕ್ಕೆ ಹಣ ಬೇಕಿಲ್ಲ, ಒಂದು ನೋಟ್‌ಬುಕ್ ಸಾಕು. ನಮ್ಮೂರಿನಲ್ಲಿ ಆ ನೋಟ್‌ಬುಕ್ ನನ್ನ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಇದೆ.

ಎರಡನೇ ಶಸ್ತ್ರಚಿಕಿತ್ಸೆಯಾಗಿ ಈಗ ನಾಲ್ಕು ವರ್ಷ. ನಮ್ಮ ಮನೆಯ ಗೋಡೆಯ ಪಂಚಾಂಗದಲ್ಲಿ ಅಷ್ಟಮಿ, ಚತುರ್ದಶಿಗೆ ಮೊದಲಿನಿಂದಲೂ ಕೆಂಪು ಗುರುತು ಹಾಕುವುದು ನಮ್ಮ ಮನೆಯವರ ಪದ್ಧತಿ. ಈಗ ತಪಾಸಣೆಯ ದಿನಕ್ಕೂ ಅದೇ ಕೆಂಪು ಗುರುತು ಹಾಕುತ್ತಾರೆ. ಮುಂದಿನದು ಬರುವ ತಿಂಗಳು ಇದೆ. ಅಂದು ಅಂಗಡಿ ಮುಚ್ಚಿರುತ್ತದೆ.

ಎಲ್ಲರಿಗೂ ಆರೋಗ್ಯ, ಎಲ್ಲರಿಗೂ ಧರ್ಮಲಾಭವಾಗಲಿ. ಜೈ ಜಿನೇಂದ್ರ.